ಬೆಳಕಿಂಡಿ ಕೆಳಗಿನ ಕೂಸು

ಬಾಣಂತಿ ಕೋಣಿಯೊಳಗ ಗಂಡಸರನ್ನ ಬಿಡಂಗಿಲ್ಲ ಅಂತ ಬಾಣಂತಿ ಅವ್ವ ಮಾಳಮ್ಮ ಬಾಗಿಲಿಗೆ ಅಡ್ಡ ನಿಂತುಬಿಟ್ಲು. ಹರಪನಹಳ್ಳ್ಯಾಗ ಸ್ಟುಡಿಯೋ ಇಟ್ಟ ನಮ್ಮನಿಯವ್ರು ಬಸವೇಶ್, ಕೊಳ್ಳಾಗ ಕ್ಯಾಮರಾ ಹಾಕ್ಕೊಂಡು ಕೂಸಿನ ಫೋಟೋಕ್ಕಂತ ತೆಲಿಗಿ ಹಳ್ಳಿತನಕ ಬಂದು, ಅಂಗಳದಾಗ ತಲಿ ಕೆರ್ಕೋತ ನಿಂತ್ರು. ಬಾಣಂತಿ ಕ್ರಾಂತಿ ನನ್ನ ಮಗಳಿಗೆ ಟೀಚರು. ಕೂಸು ನೋಡಿ ಬರೋಣ ಅಂತ ನಾನೂ ಜೊತಿಗೆ ಬಂದಿದ್ದೆ.

"ಸುಮಾ, ನೀನ ಹೋಗು," ಅಂತ ಕ್ಯಾಮರಾ ನನ್ನ ಕೈಗಿಟ್ರು.

"ಅಯ್ಯ, ನಾನು ಫಿಲ್ಮ್ ತೊಳಿಯಾಕಿ, ತೆಗಿಯಾಕಿ ಅಲ್ಲ!"

"ನಾನೂರರ ರೀಲು ಐತಿ, ಕಡಿಮಿ ಬೆಳಕಿನಾಗೂ ಬರ್ತೈತಿ. ಕ್ಯಾಮರಾದಾಗಿನ ಬೆಳಕಿನ ಮುಳ್ಳು ನೋಡು, ಒತ್ತು. ಅಷ್ಟ."

ಅಷ್ಟ ಅಂತ! ಬೈಕೋತ ಒಳಗ ಹೋದೆ.

ಗಾಳಿ ತಾಕೀತು ಅಂತ ಕಿಟಕಿಗೆಲ್ಲಾ ಹಳೇ ಸೀರಿ ತುರುಕಿದ್ರು. ಮಾಳಗಿ ಬೆಳಕಿಂಡಿಯಿಂದ ಒಂದು ತುಂಡು ಬಿಸಿಲು ಹೊರಸಿನ ಮ್ಯಾಲೆ ಬಿದ್ದಿತ್ತು. ಲೋಬಾನದ ಹೊಗಿ ಬ್ಯಾರೆ. ಹಿಂದ ಬಂದ ಮಾಳಮ್ಮ, "ಆ ಮಿಂಚು ಗಿಂಚು ಹೊಡಿಬ್ಯಾಡ್ರವ್ವ, ಎಳೀ ಕಣ್ಣು," ಅಂದ್ಲು. ಅಂದ್ರ ಫ್ಲ್ಯಾಷೂ ಇಲ್ಲ.

ಕ್ರಾಂತಿ ನನ್ನ ಕೈ ಹಿಡ್ಕೊಂಡು, ಮಾಳಮ್ಮಗ ಕೇಳೋ ಹಂಗ ಹೇಳಿದ್ಲು: "ಅಕ್ಕಾ, ನನ್ನ ಮೊದಲ್ನೇ ಮಗಳು ಎರಡು ತಿಂಗಳಿಗೆ ಹೋತು. ಆಯುಷ್ಯ ಕಡಿಮಿ ಆಗ್ತೈತಿ ಅಂತ ಅವ್ವ ಒಂದು ಫೋಟೋನೂ ತೆಗೆಸಗೊಡ್ಲಿಲ್ಲ. ಈಗ ನನಗ ಅದರ ಮುಖಾನ ನೆನಪಾಗವಲ್ದು. ಹೆತ್ತಾಕಿಗೆ ನೆನಪಾಗಂಗಿಲ್ಲ ಅಂದ್ರ ಹೆಂಗಕ್ಕ? ಇದರ ಮುಖ ಆದ್ರೂ ನನ್ನ ಕೈಯಾಗ ಇರ್ಲಿ."

ಮಾಳಮ್ಮ ಗೋಡಿ ಕಡೆ ತಿರುಗಿದ್ಲು. ತಾಯಿ ಮಗಳ ನಡುವ ಮಾತು ನಿಂತು ಬಾಳ ದಿವಸ ಆಗೇತಿ ಅಂತ ನನಗ ಆಗ ತಿಳೀತು.

ಜ್ವಾಳದ ಚೀಲದ ಮ್ಯಾಲೆ ಮೊಣಕೈ ಊರಿ, ಉಸಿರು ಬಿಗಿಹಿಡಿದು ಒತ್ತಿದೆ. ಕೂಸು ಅಲುಗಿದಾಗೊಮ್ಮೆ ಮತ್ತ ಒತ್ತಿದೆ. ಹೊರಗ ಬರೋವಾಗ ಮಾಳಮ್ಮ ಅಂದ್ಲು, "ಮಗಳ ಹಟಕ್ಕ ಒಪ್ಪೀನಿ. ವರ್ಷ ತುಂಬೋತನಕ ಇನ್ನ ಕ್ಯಾಮರಾ ತರಬ್ಯಾಡ್ರಿ."

ಬಸ್ಸಿನಾಗ ನಮ್ಮನಿಯವ್ರು ಸುಮ್ನ ಕುಂತಿದ್ರು. ಆ ಸುಮ್ಮನಿರೋದು ನನಗ ಗೊತ್ತೈತಿ, ಏನರ ಎಡವಟ್ಟು ಮಾಡ್ಕೊಂಡಾಗಿಂದು.

"ಏನ್ರೀ?"

"ಅದು... ಉದ್ದ ಫಿಲ್ಮ್ ಕತ್ತರಿಸಿ ಹಳೇ ಡಬ್ಬಿಗೆ ತುಂಬ್ತೀವಲ್ಲ. ಡಬ್ಬಿ ಮ್ಯಾಲೆ ನಾನೂರು ಅಂತ ಇತ್ತು. ಒಳಗ ತುಂಬಿದ್ದು ನೂರರದು. ಈಗ ನೆನಪಾತು."

ನನ್ನ ಮೈ ಉರಿದುಹೋತು. ನೂರರ ಫಿಲ್ಮಿಗೆ ಅದಕ್ಕ ಬೇಕಾದ ಬೆಳಕಿನಾಗ ಕಾಲು ಪಾಲು ಕೊಟ್ಟು ಬಂದಿದ್ದೆ. "ಚೀಟಿ ಅಂಟಿಸಾಕ ನಿಮ್ಮ ಕೈಗೇನು ಲಕ್ವ ಹೊಡ್ದಿತ್ತಾ?" ಅಂದೆ. ಮುಂದಿನ ಸೀಟಿನವ್ರು ತಿರುಗಿ ನೋಡಿದ್ರು. ನೋಡ್ಲಿ.

ಸ್ಟುಡಿಯೋಕ್ಕ ಬಂದವಳ ಡಾರ್ಕ್ ರೂಮ್ ಬಾಗಿಲು ಹಾಕ್ಕೊಂಡೆ. ಕತ್ತಲದಾಗ ರೀಲಿನ ತುದಿ ಒಂದು ತುಂಡು ಕತ್ತರಿಸಿ, ಅದಷ್ಟನ್ನ ಎಂದಿನಂಗ ತೊಳ್ದೆ. ಬೆಳಕಿಗೆ ಹಿಡಿದ್ರ ಬರೇ ಗಾಜಿನಂಗ ತಿಳಿ, ಕೂಸಿನ ಸುಳಿವ ಇಲ್ಲ. ಒಂದು ಫೋಟೋ ಹೋತು. ಉಳಿದಿದ್ದನ್ನ ಡೆವಲಪರ್‌ನಾಗ ಹೆಚ್ಚು ಹೊತ್ತು ಬಿಡಬೇಕು. ಕಡಿಮಿ ಬಿಟ್ರ ಮುಖ ಬರಂಗಿಲ್ಲ, ಹೆಚ್ಚಾದ್ರ ಬಿಸಿಲು ಬಿದ್ದ ಹಣಿ ಸುಣ್ಣ ಬಳದಂಗ ಆಗಿಬಿಡ್ತೈತಿ.

"ಕಾಳು ಕಾಳು ಬರ್ತೈತಿ ನೋಡು," ಅಂತ ನಮ್ಮನಿಯವ್ರು ಹೊರಗಿಂದ ಅಂದ್ರು.

"ಬರ್ಲಿ! ನೀವು ಬಾಯಿ ಮುಚ್ಚಿರ್ರಿ."

ಡೆವಲಪರ್ ತುಂಬಿದ ಡಬ್ಬಿ ಅಲುಗಿಸ್ಕೋತ ಕುಂತೆ. ಬೆಳಕು ಚೂರು ತಾಕಿದ್ದನ್ನ ಹೊತ್ತು ಕೊಟ್ಟು ಎಬ್ಬಿಸಬಹುದು. ತಾಕದೇ ಇದ್ದದ್ದನ್ನ ಎಷ್ಟು ತೊಳ್ದ್ರೂ ತರಾಕ ಬರಂಗಿಲ್ಲ. ಇದು ನನಗ ಮೊದಲಿಂದ ಗೊತ್ತು, ಆದ್ರ ಅವತ್ತು ಆ ಮೊದಲ್ನೇ ಕೂಸು ನೆನಪಾತು.

ಬಂತು. ಒಂದ ಒಂದು ನೆಟ್ಟಗ ಬಂತು. ಉಳಿದವು ಅಲುಗಿಹೋಗಿದ್ವು. ಆದ್ರ ಪ್ರಿಂಟ್ ಹಾಕಿದ್ರ ಕಾಳು ಏನು ಕೇಳ್ತೀರಿ, ಮುಖದ ತುಂಬ ರವಾ ಉದುರಿಸಿದಂಗ! ಹಣಿ, ಮೂಗು, ಗದ್ದ ಅಷ್ಟ ಮೆತ್ತಗ ಕಾಣ್ತಿದ್ವು. ಕಿವಿ ಕಡೆ ಪೂರಾ ಕಪ್ಪು. ಇದ ಕೂಸು ಅಂತ ಆಣಿ ಮಾಡಿ ಹೇಳಾಕ ಆಗ್ತಿದ್ದಿಲ್ಲ. ಯಾವ ಎಳೀ ಕೂಸಾದ್ರೂ ಆಗಬಹುದಿತ್ತು.

ಪ್ರಿಂಟ್ ತಗೊಂಡು ಒಬ್ಬಾಕಿನ ತೆಲಿಗಿಗೆ ಹೋದೆ. ಕ್ರಾಂತಿ ಏನಂತಾಳೋ ಅನ್ನೋದ ಚಿಂತಿ. ಬಾಗಿಲದಾಗ ಮಾಳಮ್ಮನ ಇದ್ಲು. ನನ್ನ ಕೈಯಾಗಿಂದ ಇಸ್ಗೊಂಡು, ಬಿಸಿಲಿಗೆ ಹಿಡಿದು ನೋಡಿದ್ಲು. ನೋಡಿದ್ಲು, ನೋಡಿದ್ಲು, ಹಂಗ ಹೊಸ್ತಿಲ ಮ್ಯಾಲೆ ಕುಂತುಬಿಟ್ಲು.

"ಯವ್ವಾ, ಇದು ನಮ್ಮ ದೊಡ್ಡಾಕಿ, ಹೋದಾಕಿ."

"ಅಲ್ಲಬೇ, ಈ ಕೂಸಿಂದ. ನಾನ ತೆಗಿದೀನಿ."

"ನೀ ಯಾವಾಕಿ ನನಗ ಹೇಳಾಕ? ದಿನಾ ಕಾಲ ಮ್ಯಾಲೆ ಹಾಕ್ಕೊಂಡು ನೀರು ಎರದಾಕಿ ನಾನು. ಇದ ಹಣಿ. ಇದ ಗದ್ದ. ಈ ಕೈಗೆ ಗೊತ್ತೈತಿ."

ಒಳಗಿಂದ ಕ್ರಾಂತಿ ಬಂದ್ಲು, ತಲಿಗೆ ಕಟ್ಟಿದ ಬಟ್ಟಿ ಬಿಚ್ಚಿಹೋಗಿತ್ತು. ಗಾಳಿಗೆ ಬರಬ್ಯಾಡ ಅನ್ನೋದನ್ನ ಮಾಳಮ್ಮನ ಮರ್ತಿದ್ಲು. ಕ್ರಾಂತಿ ಫೋಟೋ ಹಿಡ್ಕೊಂಡು ಅವ್ವನ ಮುಖ ನೋಡಿದ್ಲು. ಬೈತಾಳ ಅನ್ಕೊಂಡೆ.

ಕ್ರಾಂತಿ ಅವ್ವನ ಮಗ್ಗಲಕ್ಕ ಕುಂತು, ಫೋಟೋದಾಗ ಪೂರಾ ಕಪ್ಪಾಗಿದ್ದ ಕಡೆ ಬೆರಳಿಟ್ಲು.

"ಮತ್ತ ಕಿವಿ?" ಅಂದ್ಲು. "ಆಕಿ ಕಿವಿ ಹೆಂಗಿದ್ವು, ಹೇಳಬೇ."