ತಂಗಿಯ ಹೊಟ್ಟೆ, ಅಣ್ಣನ ಉತ್ತರ

ಪಂಕ್ಚರ್ ಅಂಗಡಿಯ ಟ್ಯೂಬಣ್ಣ ತಂಗಿಗೆ ಕೊಟ್ಟದ್ದು ಸೀರೆಯಲ್ಲ, ರಕ್ತ ಹುಟ್ಟಿಸುವ ಸ್ಟೆಮ್ ಸೆಲ್. ಬಸ್ ಕಂಡಕ್ಟರ್ ಆಗಿದ್ದ ತಂಗಿಯ ಕೆಟ್ಟುಹೋದ ರಕ್ತಕ್ಕೆ ಹೊಂದಿದ್ದು ಅವನದೊಂದೇ. ಕಸಿಯಾದ ದಿನದಿಂದ ಅವಳ ಮೈಗೆ ತಾನೇ ವಕ್ತಾರ ಎಂದು ಅವನಷ್ಟಕ್ಕೆ ಅವನೇ ತೀರ್ಮಾನಿಸಿಬಿಟ್ಟ. ಕಸಿಯಾದ ಅವನ ಜೀವಕಣಗಳು ಅವಳ ಚರ್ಮದ ಮೇಲೆ ಜಗಳಕ್ಕೆ ನಿಂತು ಮೈಯೆಲ್ಲ ದದ್ದು ಎದ್ದಾಗ, "ಒಳಗೆ ಹೋದ್ರೂ ನಿನ್ನ ಬುದ್ಧಿ ಬಿಡಲಿಲ್ಲ ನೋಡು" ಎಂದಳು ತಂಗಿ. ಡಾಕ್ಟರಮ್ಮ ಸ್ಟೆರಾಯ್ಡ್ ಕೊಟ್ಟು ರಾಜಿ ಮಾಡಿಸಿದರು.

ದದ್ದು ಇಳಿಯಿತು. ಹೊಟ್ಟೆ ಏರಿತು.

"ಅಣ್ಣಾ, ಹೊಟ್ಟೆ ಬಿಗೀತಾ ಇದೆ ಕಣೋ. ನೋವು ಅಂಥಾದ್ದೇನಿಲ್ಲ. ಯಾರೋ ಒಳಗೆ ಪಂಪ್ ಹೊಡೀತಿರೋ ಹಾಗಿದೆ."

"ಗ್ಯಾಸು. ಗಾಳಿ ವಿಷಯ ನಂಗೆ ಹೇಳ್ಕೊಡ್ತೀಯಾ? ಡಾಕ್ಟರಮ್ಮನ ಹತ್ರ ಮಾತ್ರ ಬಾಯಿ ಬಿಡ್ಬೇಡ. ಮನೆಗೆ ಕಳಿಸ್ತೀನಿ ಅಂತಿದಾರೆ, ಇದನ್ನ ಹೇಳಿದ್ರೆ ಮತ್ತೆ ಮಲಗಿಸ್ತಾರೆ."

ಅವನ ಆತುರಕ್ಕೂ ಗಾಳಿಯೇ ಕಾರಣ. ಆಸ್ಪತ್ರೆಯಲ್ಲಿರಲೆಂದು ಅವನು ಅಂಗಡಿ ಬಾಗಿಲು ಹಾಕಿದ್ದೇ ತಡ, ಎದುರಿನವನೊಬ್ಬ ಮೆಷಿನ್ ಇಟ್ಟು 'ಗಾಳಿ ಬಿಟ್ಟಿ' ಎಂದು ಬೋರ್ಡು ಹಾಕಿದ್ದ. ಗಿರಾಕಿಗಳೆಲ್ಲ ಗಾಳಿ ಬಂದ ಕಡೆ ತೂರಿಕೊಂಡಿದ್ದರು.

ಹಾಗಾಗಿ ಪ್ರತಿ ಬೆಳಿಗ್ಗೆ ಡಾಕ್ಟರಮ್ಮ "ಹೊಟ್ಟೆ ಹೇಗಿದೆ?" ಎಂದು ಕೇಳಿ ಮುಗಿಸುವ ಮೊದಲೇ ಅಣ್ಣನ ಮಾಸ್ಕಿನೊಳಗಿಂದ ಉತ್ತರ ಹೊರಡುತ್ತಿತ್ತು: "ಅವಳದ್ದು ಪರವಾಗಿಲ್ಲ ಡಾಕ್ಟ್ರೇ. ನಿಮ್ಮ ಕ್ಯಾಂಟೀನಿಂದ ನಂದೇ ಕೆಟ್ಟಿದೆ." ಎಲ್ಲರೂ ನಗುತ್ತಿದ್ದರು. ನಗುವಿನಲ್ಲಿ ಯಾರಿಗೂ ಹೊದಿಕೆ ಸರಿಸಿ ನೋಡಬೇಕೆನಿಸುತ್ತಿರಲಿಲ್ಲ. ತಂಗಿಯೂ ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು. ಏಕೆ ಹಿಡಿದುಕೊಂಡಿದ್ದಾಳೆಂದು ಗೊತ್ತಿದ್ದವನು ಅವನೊಬ್ಬನೇ.

ತಂಗಿಯ ಕೆಮ್ಮಿಗೆಂದು ಎದೆಯ ಸ್ಕ್ಯಾನ್ ಮಾಡಿದಾಗ ಚಿತ್ರದ ಅಂಚಿನಲ್ಲಿ ಹೊಟ್ಟೆಯೂ ಇಣುಕಿತು. ಡಾಕ್ಟರಮ್ಮ ಈ ಸಲ ನಗುತ್ತ ಬರಲಿಲ್ಲ.

"ಕರುಳಿನ ಗೋಡೆಯೊಳಗೆ ಗಾಳಿ ಸೇರ್ಕೊಂಡಿದೆ. ಕಸಿ ಆದೋರಲ್ಲಿ ಅಪರೂಪಕ್ಕೆ ಹೀಗಾಗುತ್ತೆ."

"ಪಂಕ್ಚರಾ ಡಾಕ್ಟ್ರೇ?"

"ಅದೇ ಗೊತ್ತಾಗ್ಬೇಕು. ದಿಢೀರ್ ಅಂತ ಬಂದಿದ್ರೆ ಕರುಳು ಕೊಳೀತಿರಬಹುದು, ಹೊಟ್ಟೆ ತೆರೆದು ನೋಡ್ಬೇಕಾಗುತ್ತೆ. ಈ ಸ್ಥಿತೀಲಿ ತೆರೆದ್ರೆ ಗಾಯ ಮಾಯುತ್ತೆ ಅಂತ ನಾನು ಮಾತು ಕೊಡಲಾರೆ. ನಿಧಾನಕ್ಕೆ ಸೇರಿದ್ದಾದ್ರೆ ಬೇರೆ ಲೆಕ್ಕ. ಬಾಕಿ ರಿಪೋರ್ಟೆಲ್ಲ ಚೆನ್ನಾಗಿದೆ, ಕಾದು ನೋಡಬಹುದು." ತಂಗಿಯ ಕಡೆ ತಿರುಗಿದರು. "ಯಾವಾಗ ಶುರುವಾಯ್ತಮ್ಮ?"

ತಂಗಿ ಅಣ್ಣನ ಮುಖ ನೋಡಿದಳು. ಅದು ಸುಣ್ಣ ಬಳಿದ ಗೋಡೆಯಾಗಿತ್ತು.

"ಇವತ್ತು ಬೆಳಿಗ್ಗೆಯಿಂದ" ಎಂದಳು.

ಟ್ಯೂಬಣ್ಣನಿಗೆ ಅರ್ಥವಾಯಿತು. ತನ್ನ ಮಾನ ಉಳಿಸಲು ಈ ಪೆದ್ದಿ ಹೊಟ್ಟೆಯನ್ನೇ ಕತ್ತಿಗೆ ಒಡ್ಡುತ್ತಿದ್ದಾಳೆ! ಸುಮ್ಮನಿದ್ದರೆ ಬಚಾವು. ಅವನು, ಅವಳಲ್ಲ. ಡಾಕ್ಟರಮ್ಮ ಆಪರೇಷನ್ ಮಾಡುವವರನ್ನು ಕರೆಯಲು ಫೋನ್ ತೆಗೆದಾಗಿತ್ತು.

"ಸುಳ್ಳು ಡಾಕ್ಟ್ರೇ" ಎಂದ. ಜೀವಮಾನದಲ್ಲಿ ಮೊದಲ ಸಲ ತಮಾಷೆ ನೆನಪಾಗಲಿಲ್ಲ. "ಹೋದ ವಾರದಿಂದ್ಲೇ ಇದೆ. ದಿನಾ ಇಷ್ಟಿಷ್ಟೇ ಉಬ್ಬಿದ್ದು. ಅವಳು ಹೇಳ್ತೀನಿ ಅಂದ್ಲು, ನಾನೇ ಬಾಯಿ ಮುಚ್ಚಿಸಿದೆ. ನಂಗೆ... ಅಂಗಡಿ ತೆಗೀಬೇಕಿತ್ತು."

ಡಾಕ್ಟರಮ್ಮ ಫೋನ್ ಕೆಳಗಿಟ್ಟರು. ಹೊದಿಕೆ ಸರಿಸಿ ಹೊಟ್ಟೆಯ ಮೂಲೆ ಮೂಲೆ ಒತ್ತಿ ಪರೀಕ್ಷಿಸಿದರು. ಆಮೇಲೆ ಹೊರಗೆ ಹೋಗಿ ಯಾರೊಂದಿಗೋ ಬಹಳ ಹೊತ್ತು ಮಾತಾಡಿ ಬಂದರು. ಅವರ ತೀರ್ಮಾನ: ಸದ್ಯಕ್ಕೆ ಕೊಯ್ಯುವುದಿಲ್ಲ, ಹೊಟ್ಟೆಗೆ ಏನೂ ಹಾಕುವಂತಿಲ್ಲ, ಆಕ್ಸಿಜನ್, ಆಂಟಿಬಯೋಟಿಕ್, ಮೈಯೆಲ್ಲ ಕಣ್ಣಾಗಿ ಕಾಯುವುದು.

"ಈಗ್ಲಾದ್ರೂ ಹೇಳಿದ್ರಲ್ಲ, ಒಳ್ಳೇದಾಯ್ತು" ಎಂದು ಹೊರಟರು. ಕಪಾಳಕ್ಕೆ ಬಾರಿಸಿದ್ದರೆ ಅವನಿಗೆ ಇದಕ್ಕಿಂತ ಹಗುರಾಗುತ್ತಿತ್ತು.

ಕೋಣೆಯಲ್ಲಿ ಉಳಿದದ್ದು ಇಬ್ಬರೇ. ಆಕ್ಸಿಜನ್ ಸುಯ್ಯೆನ್ನುತ್ತಿತ್ತು.

"ತಪ್ಪಾಯ್ತು ಕಣೇ. ಹೊಟ್ಟೆಗೆ ಹಾಕ್ಕೋ."

"ಏನೂ ಹಾಕ್ಕೋಬಾರದು ಅಂದಿದಾರಲ್ಲ."

ಅವನು ನಗಲಿಲ್ಲ. ಅವಳೂ ನಗಿಸಲು ಹೇಳಿದ್ದಲ್ಲ.

"ನಂಗೂ ಮನೆಗೆ ಹೋಗೋ ಆಸೆ ಇತ್ತು ಕಣೋ, ಅದಕ್ಕೇ ಸುಮ್ನಿದ್ದೆ" ಎಂದಳು. "ಆದ್ರೆ ಅವರು ಕೇಳಿದಾಗೆಲ್ಲ ನೀನು ಮುಂಚೆ ಮಾತಾಡ್ತಿದ್ದೆ ನೋಡು, ಆಗ ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನಿಸ್ತಿತ್ತು."

"ಬೈದುಬಿಡೇ."

"ತ್ರಾಣ ಇಲ್ಲ. ಬದುಕಿದ್ರೆ ಬೈತೀನಿ."

ಸುಸ್ತಿಗೆ ಕಣ್ಣು ಮುಚ್ಚಿಕೊಂಡಳು. ಅವನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಬೈಸಿಕೊಳ್ಳಲು ಕಾಯುತ್ತ ಕೂತ.