ಬುಧವಾರದ ಆಟ

ನಮ್ಮ ಮನೆಯ ಆಟದ ಕಂಪ್ಯೂಟರಿಗೆ ನನಗಿಂತ ಹೆಚ್ಚು ವಯಸ್ಸು. ಅಂದರೆ ಈ ಮನೆಯಲ್ಲಿ. ಮದುವೆಗೆ ಮುಂಚೆಯೇ ನನ್ನ ಗಂಡ ಮನೋಹರ ತನ್ನ ಗೆಳೆಯ ಭೀಮು ಜೊತೆ ಪುಣೆಯ ತಾಪಕೀರ್ ಗಲ್ಲಿಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಒಂದೊಂದೇ ಭಾಗ ತಂದು ಜೋಡಿಸಿದ್ದಂತೆ. ನಾನು ತುಮಕೂರಿನಿಂದ ನಿಗಡಿಯ ಈ ಫ್ಲ್ಯಾಟಿಗೆ ಸೊಸೆಯಾಗಿ ಬಂದಾಗ ಅದು ಆಗಲೇ ಹಾಲ್‌ನ ಮೂಲೆಯಲ್ಲಿ ದೇವರ ಜಗಲಿಯ ಪಕ್ಕ ಕೂತಿತ್ತು. ಅತ್ತೆ ಯಮನವ್ವ ಬೆಳಿಗ್ಗೆ ಜಗಲಿ ಒರೆಸಿದ ಮೇಲೆ ಅದನ್ನೂ ಒರೆಸುತ್ತಿದ್ದರು. ಒರೆಸುವ ಬಟ್ಟೆ ಮಾತ್ರ ಬೇರೆ.

ಹೋದ ದೀಪಾವಳಿಯ ಹೊತ್ತಿಗೆ ಅದರ ಪರದೆಯ ಮೇಲೆ ಒಂದು ಸೂಚನೆ ಬರತೊಡಗಿತು. ವಿಂಡೋಸ್ ಹತ್ತರ ಕಾಲ ಮುಗಿಯಿತು, ಇನ್ನು ಸುರಕ್ಷತೆಯ ಅಪ್‌ಡೇಟ್ ಬರುವುದಿಲ್ಲ, ಹನ್ನೊಂದಕ್ಕೆ ಬನ್ನಿ ಅಂತ. ಹೋಗೋಣವೆಂದರೆ ನಮ್ಮ ಹಳೇ ಪ್ರೊಸೆಸರನ್ನು ಆ ಹನ್ನೊಂದು ಒಪ್ಪುವುದಿಲ್ಲ. ಮನೋಹರ ಆ ಸೂಚನೆಯನ್ನು ಪ್ರತಿ ಸಲ ಮುಚ್ಚಿ, ಏನೂ ಆಗಿಲ್ಲ ಎಂಬಂತೆ ಕೂರುತ್ತಿದ್ದ.

ನಾನು ಹಿಂಜವಡಿಯ ಆಫೀಸಿನಲ್ಲಿ ದಿನವಿಡೀ ವಿಂಡೋಸ್ ಬದಲು ಲಿನಕ್ಸ್ ಮೇಲೆ ಕೆಲಸ ಮಾಡುವವಳು. ನನಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ.

"ಮನು, ಶನಿವಾರ ಕೂತು ಲಿನಕ್ಸ್ ಹಾಕಿಬಿಡೋಣ. ಈಗ ಅದರಲ್ಲೂ ಗೇಮ್ಸ್ ಚೆನ್ನಾಗೇ ಓಡುತ್ತೆ. ಈ ಮಷೀನ್ ಎಸೆಯೋದು ತಪ್ಪುತ್ತೆ," ಅಂದೆ.

"ನೋಡೋಣಂತ," ಅಂದ.

ಅವರ ಕಡೆ 'ನೋಡೋಣಂತ' ಅಂದರೆ 'ಬೇಡ' ಅಂತ ಅರ್ಥ. ಮದುವೆಯಾದ ಮೊದಲ ವರ್ಷದಲ್ಲೇ ಇದನ್ನು ಕಲಿತಿದ್ದೆ.

ಅತ್ತೆ ಸೊಪ್ಪು ಸೋಸುತ್ತಾ ಕೇಳಿದರು, "ಏನರೆ ಕೆಟ್ಟದೇನು ಅದು?"

"ಕೆಟ್ಟಿಲ್ಲ ಅತ್ತೆ. ಇನ್ಮೇಲೆ ಕಳ್ಳರು ನುಗ್ಗಿದ್ರೆ ಕಾಯೋರು ಇರಲ್ಲ, ಅಷ್ಟೆ."

"ಹಂಗಾದ್ರ ಬಾಗಲಾ ಗಟ್ಟಿ ಮಾಡ್ರಿ. ಮನೀನ ಬಿಟ್ಟು ಹೋಗೂದ್ಯಾಕ?"

ಮನೋಹರ ಜೋರಾಗಿ ನಕ್ಕ. ಮಾತು ಅಲ್ಲಿಗೇ ನಿಂತಿತು.

ಆದರೆ ನಾನೂ ಸುಮ್ಮನಿರುವವಳಲ್ಲ. ಅವನು ರಾಂಜಣಗಾಂವದ ಕಾರ್ಖಾನೆಗೆ ಹೋಗಿದ್ದು ನನಗೆ ಮಾತ್ರ ರಜೆಯಿದ್ದ ಒಂದು ದಿನ, ಕಂಪ್ಯೂಟರಿಗೆ ನನ್ನದೊಂದು ಹಳೇ ಡಿಸ್ಕ್ ಸಿಕ್ಕಿಸಿ, ಅವನ ವಿಂಡೋಸ್ ಮುಟ್ಟದೆ, ಪಕ್ಕದಲ್ಲೇ ಲಿನಕ್ಸ್ ಹಾಕಿದೆ. ಅವನು ಆಡುವ ಆಟಗಳನ್ನು ಒಂದರ ಮೇಲೊಂದು ತೆರೆದು ನೋಡಿದೆ. ಕಾರು ಓಡಿಸುವುದು ಓಡಿತು. ಊರು ಕಟ್ಟುವುದು ಮೊದಲಿಗಿಂತ ಬೇಗ ತೆರೆಯಿತು. ಅತ್ತೆ ಮಧ್ಯಾಹ್ನ ಆಡುವ ಇಸ್ಪೀಟು ಕೂಡ ಬಂತು. ಒಂದು ಮಾತ್ರ ಬಾಗಿಲು ತೆರೆಯಲೇ ಇಲ್ಲ. ಅದು ಗುಂಡು ಹಾರಿಸುವ ಆಟ, ಪ್ರತಿ ಬುಧವಾರ ಸಂಜೆ ಮನೋಹರ ಭೀಮು ಜೊತೆ ಆಡುವಂಥದ್ದು. ಮೋಸ ಮಾಡುವವರನ್ನು ಹಿಡಿಯಲು ಆ ಆಟಕ್ಕೆ ಒಂದು ಕಾವಲು ಪ್ರೋಗ್ರಾಮ್ ಇದೆ. ಅದು ವಿಂಡೋಸ್ ಇಲ್ಲದಿದ್ದರೆ ಯಾರನ್ನೂ ಒಳಗೆ ಬಿಡುವುದಿಲ್ಲ.

ಸಂಜೆ ಚಹಾ ಹಿಡಿದು ಬಾಲ್ಕನಿಯಲ್ಲಿ ನಿಂತಾಗ ಕೇಳಿದೆ, "ಬುಧವಾರದ ಆಟ ಓಡಲ್ಲ ಅಂತ ನಿಂಗೆ ಮೊದಲೇ ಗೊತ್ತಿತ್ತು, ಅಲ್ವಾ?"

ಅವನು ಹೌದೆಂದು ತಲೆಯಾಡಿಸಿದ. ಆಮೇಲೆ ಕಾರಣ ಹೇಳಿದ.

ಮನೋಹರ, ಭೀಮು ಇಬ್ಬರೂ ದೇಹೂ ರೋಡಿನ ಒಂದೇ ಚಾಳಿನಲ್ಲಿ ಬೆಳೆದವರು. ಇಬ್ಬರ ಅಪ್ಪಂದಿರೂ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಹುಡುಗರು ಒಂದೇ ಶಾಲೆಗೆ ಹೋದರು, ಒಂದೇ ಕಾರ್ಖಾನೆಗೆ ಸೇರಿದರು. ಒಂದು ಮಳೆಗಾಲ ಕೆಲಸದಿಂದ ಬರುವಾಗ ಭೀಮು ಬೈಕಿನಿಂದ ಜಾರಿ ಬಿದ್ದು ಕಾಲು ಮುರಿದುಕೊಂಡ. ತಿಂಗಳುಗಟ್ಟಲೆ ಹಾಸಿಗೆ. ಯಾರು ಹೋದರೂ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದನಂತೆ. ಆಗ ಮನೋಹರ ಅವನಿಗೊಂದು ಹಳೇ ಲ್ಯಾಪ್‌ಟಾಪ್ ಕೊಂಡೊಯ್ದು ಕೊಟ್ಟು, ಈ ಆಟ ಹಾಕಿಕೊಟ್ಟ. ಮನೆಗೆ ಬಂದು ಇಲ್ಲಿಂದ ಅವನ ಜೊತೆ ಆಡತೊಡಗಿದ. ಕಾಲು ಕೂಡಿತು, ಕುಂಟು ಉಳಿಯಿತು. ಭೀಮು ಕಾರ್ಖಾನೆ ಬಿಟ್ಟು ಭೋರ್‌ಗೆ, ಹೆಂಡತಿ ಸೋನಾಲಿಯ ತಂದೆಯ ಅಂಗಡಿ ನೋಡಿಕೊಳ್ಳಲು ಹೋದ. ಆಟ ಬುಧವಾರಕ್ಕೆ ಬಂದು ನಿಂತಿತು.

"ಅಲ್ಲಿ ಅವಗ ನಮ್ಮ ಭಾಷಾ ಮಾತಾಡೋರು ಯಾರೂ ಇಲ್ಲ, ಶಾಲೂ," ಅಂದ ಮನೋಹರ. "ವಾರಕ್ಕೊಮ್ಮೆ ನಾ ಸಿಗ್ತೀನಿ. ಖರೇ ಹೇಳ್ಬೇಕಂದ್ರ ನನಗ ಆ ಆಟ ಬ್ಯಾಸರ ಆಗಿ ಭಾಳ ದಿನ ಆತು. ಆದ್ರ ಅವಂಗ ಹ್ಯಾಂಗ ಹೇಳ್ಲಿ?"

ಇಷ್ಟು ದಿನ ಇವನದು ಬರೀ ಹಟ ಅಂದುಕೊಂಡಿದ್ದೆ. "ಆಯ್ತು ಬಿಡು. ವಿಂಡೋಸ್ ಇರಲಿ. ಇನ್ನೊಂದು ವರ್ಷ ಅಪ್‌ಡೇಟ್ ತರಿಸಿಕೊಳ್ಳೋದಕ್ಕೂ ದಾರಿ ಇದೆ. ಆಮೇಲೆ ಬೇಕಾದ್ರೆ ಹೊಸದು ತಗೊಳ್ಳೋಣ," ಅಂದೆ.

ಒಳಗೆ ಕೂತಿದ್ದ ಅತ್ತೆಗೆ ಎಲ್ಲ ಕೇಳಿಸಿತ್ತು. ಬಾಗಿಲಿಗೆ ಬಂದು ನಿಂತರು.

"ಭೀಮೂನ ಕೇಳಿಯೇನು?"

"ಇಲ್ಲವ್ವ."

"ಅವನ್ನ ಕೇಳಲಾರದ, ಇಲ್ಲಿ ಕುಂತು ಅವನ ಮನಸ ನೀವಿಬ್ಬರ ಓದಲಾಕತ್ತೀರಿ. ಬರೂ ಐತವಾರ ಹೋಗೂಣ ನಡೀರಿ. ನಾನೂ ಅವನ ಮಾರಿ ನೋಡಿ ಭಾಳ ದಿನ ಆತು."

ಹಾಗೆ ಭಾನುವಾರ ಮೂವರೂ ಹೊರಟೆವು. ಕಾಪೂರಹೋಳದ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ ರಸ್ತೆಯ ಎರಡೂ ಕಡೆ ಭತ್ತ ಕೊಯ್ದ ಗದ್ದೆ. ಅತ್ತೆ ಕಾರಿನ ಕಿಟಕಿ ಇಳಿಸಿಕೊಂಡು, ತೊಡೆಯ ಮೇಲೆ ಶೇಂಗಾ ಹೋಳಿಗೆಯ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಮನೋಹರ ದಾರಿಯುದ್ದಕ್ಕೂ ಹೇಗೆ ಶುರು ಮಾಡುವುದು ಅಂತ ನನ್ನನ್ನು ಕೇಳುತ್ತಲೇ ಇದ್ದ.

ಭೀಮುವಿನ ಮನೆ ಪೇಟೆಯಲ್ಲಿ, ಕೆಳಗೆ ಬೀಜ, ಹಗ್ಗ, ಔಷಧ ಹೊಡೆಯುವ ಪಂಪುಗಳ ಅಂಗಡಿ, ಮೇಲೆ ವಾಸ. ಅವನು ಕುಂಟುತ್ತಲೇ ಮೆಟ್ಟಿಲಿಳಿದು ಬಂದು ಅತ್ತೆಯ ಕಾಲು ಮುಟ್ಟಿದ. "ಬರ್ರಿ ವೈನಿ, ಬರ್ರಿ," ಅಂತ ನನ್ನನ್ನು ಅತ್ತಿಗೆಯಂತೆ ಕರೆದು, ಕೈಯಿಂದ ಚೀಲ ಇಸಿದುಕೊಂಡ. ಸೋನಾಲಿ ಕಡಲೆಹಿಟ್ಟಿನ ಪಿಠಲ, ಭಾಕರಿ ರೊಟ್ಟಿ, ಮೆಣಸಿನಕಾಯಿ ಕುಟ್ಟಿದ ಠೇಚಾ ಮಾಡಿದ್ದಳು. ಅವಳದು ಮರಾಠಿ, ಕನ್ನಡ ಅರ್ಥವಾಗುತ್ತದೆ, ಆಡಲು ನಾಚಿಕೆ.

ಊಟ ಮುಗಿಯುವವರೆಗೂ ಮನೋಹರ ಮಳೆ, ಅಂಗಡಿ, ಕಾರ್ಖಾನೆ ಅಂತ ಎಲ್ಲ ಮಾತಾಡಿದ, ಬಂದ ವಿಷಯ ಬಿಟ್ಟು. ಕೊನೆಗೆ ಕೈ ತೊಳೆದು ಬಂದು ಕೂತ.

"ಭೀಮ್ಯಾ, ನಿನಗೊಂದು ಮಾತು ಹೇಳೂದದ."

ಭೀಮು ಮುಖ ಸಣ್ಣಗೆ ಮಾಡಿ ಅತ್ತೆಯ ಕಡೆ ನೋಡಿದ. "ಯಾಕೋ? ಕಾಕೂ ಆರಾಮ ಅದಾರಿಲ್ಲೋ?"

"ಆರಾಮ ಅದಾಳ. ಕಂಪ್ಯೂಟರಿಂದು."

ಮನೋಹರ ಎಲ್ಲ ಬಿಡಿಸಿ ಹೇಳಿದ. ಭೀಮು ಮೊಣಕಾಲು ನೀವಿಕೊಳ್ಳುತ್ತಾ ಕೇಳಿದ. "ಅಂದ್ರ ಬುಧವಾರದ ಆಟ ಬಂದ್?"

"ನೀ ಬ್ಯಾಡಂದ್ರ ಏನೂ ಬದಲಿ ಮಾಡಂಗಿಲ್ಲ. ಹೊಸಾದ ತಗೋತೀನಿ. ಆಟ ನಿಲ್ಲಂಗಿಲ್ಲ."

ಭೀಮು ಮತ್ತೆ ಮೊಣಕಾಲು ನೀವತೊಡಗಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೋನಾಲಿಗೆ ತಡೆಯಲಾಗಲಿಲ್ಲ. ಮರಾಠಿಯಲ್ಲಿ ನನ್ನ ಕಡೆ ತಿರುಗಿ ಹೇಳಿದಳು, "ಇವರು ಹೇಳೋದಿಲ್ಲ, ನಾನೇ ಹೇಳ್ತೀನಿ ವೈನಿ. ಬುಧವಾರ ಬಂತಂದ್ರೆ ಇವರಿಗೆ ತಲೆನೋವು. ಮತ್ತೆ ಆ ಗುಂಡಿನ ಸದ್ದು ಅಂತಾರೆ. ಮಾತ್ರೆ ನುಂಗಿ ಹೋಗಿ ಕೂರ್ತಾರೆ. ಬಿಡಿ ಅಂದ್ರೆ, ಮನೋಹರ ಒಬ್ಬನೇ ಆಗ್ತಾನೆ ಅಂತಾರೆ."

ಮನೋಹರ ಗೆಳೆಯನನ್ನೇ ನೋಡಿದ. "ಖರೇನು?"

ಭೀಮು ತಲೆ ತಗ್ಗಿಸಿದ್ದ. "ಕಾಕಾ ಹೋದ ಮ್ಯಾಲೆ ನೀ ಯಾರ ಜೋಡಿನೂ ಮಾತಾಡ್ತಿದ್ದಿಲ್ಲೋ. ವೈನೀನ ಫೋನ್ ಮಾಡಿ ಹೇಳಿದ್ರು. ಬುಧವಾರ ಆಡೂಮುಂದ ಮಾತ್ರ ನಗ್ತಿದ್ದಿ. ನಿನ್ನ ನಗೂ ಕೇಳಿ ನನಗ ಸಮಾಧಾನ ಆಗ್ತಿತ್ತು. ಅದನ್ನ ನಾ ಹ್ಯಾಂಗ ನಿಲ್ಲಸ್ಲಿ?"

ಎರಡು ವರ್ಷದ ಹಿಂದೆ ಮಾವ ಅಂಬಣ್ಣ ತೀರಿಕೊಂಡಾಗ ನಾನು ಭೀಮುವಿಗೆ ಫೋನ್ ಮಾಡಿದ್ದು ಹೌದು. ಮನೋಹರ ಅನ್ನದ ತಟ್ಟೆಯ ಮುಂದೆ ಕೂತು ಹಾಗೇ ಎದ್ದು ಹೋಗುತ್ತಿದ್ದ ದಿನಗಳವು.

"ನಾ ನಿನ್ನ ಸಲುವಾಗಿ ಆಡ್ತಿದ್ದೆಲೇ," ಅಂದ ಮನೋಹರ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನೋಡವಾ ಸೋನಾಲಿ, ಇಬ್ಬರೂ ಒಬ್ಬರಿಗೊಬ್ಬರು ಉಪಕಾರ ಮಾಡ್ಕೋತ ಇಷ್ಟು ದಿನ ಗುಂಡು ಹಾರಿಸ್ಯಾರ," ಅಂದರು. ಮೊದಲು ಸೋನಾಲಿ ನಕ್ಕಳು, ಆಮೇಲೆ ನಾನು. ಕೊನೆಗೆ ಅವರಿಬ್ಬರೂ ನಕ್ಕರು. ಭೀಮು ನಗುತ್ತಲೇ ಮನೋಹರನ ಬೆನ್ನಿಗೆ ಒಂದು ಗುದ್ದು ಕೊಟ್ಟ.

ಮುಂದಿನ ಶನಿವಾರ ವಿಂಡೋಸ್ ತೆಗೆದೆವು. ಫೋಟೊಗಳನ್ನೆಲ್ಲ ಬೇರೆ ಡಿಸ್ಕಿಗೆ ಹಾಕಿಟ್ಟು, ಮಾವನ ಫೋಟೊಗಳಿರುವ ಫೋಲ್ಡರನ್ನು ಇನ್ನೊಂದು ಸಲ ತೆರೆದು ನೋಡಿ, ಆಮೇಲೆ ವಿಂಡೋಸ್ ಅಳಿಸಿದೆವು. ಲಿನಕ್ಸ್ ಬೇಗನೆ ಕೂತಿತು, ಆದರೆ ಸದ್ದೇ ಬರಲಿಲ್ಲ. ಇದೆಲ್ಲ ನನಗೆ ನೀರು ಕುಡಿದಷ್ಟು ಸಲೀಸು ಅಂತ ಜಂಬ ಕೊಚ್ಚಿದ್ದವಳು ಮಧ್ಯಾಹ್ನವಿಡೀ ತಲೆ ಕೆರೆದುಕೊಂಡೆ. ಮನೋಹರ ಅಣಕಿಸದೆ ಎರಡು ಸಲ ಚಹಾ ಮಾಡಿಕೊಟ್ಟ. ಸದ್ದು ಟಿವಿಯ ಕಡೆ ಹೋಗುವಂತೆ ಸೆಟ್ಟಿಂಗ್ ಇತ್ತು ಅಂತ ಕೊನೆಗೆ ತಿಳಿಯಿತು.

ಬುಧವಾರ ಬಂತು. ಈ ಸಲದ್ದು ಅಡುಗೆಮನೆಯ ಆಟ. ನಾಲ್ಕು ಜನ ಅಡುಗೆಯವರು ಒಂದೇ ಒಲೆಯ ಸುತ್ತ ಓಡಾಡಿ, ಒಬ್ಬರ ಕೈಯಿಂದ ಒಬ್ಬರು ತರಕಾರಿ ಕಸಿದುಕೊಂಡು ಊಟ ಕಳಿಸಬೇಕು. ಅಲ್ಲಿಂದ ಭೀಮು, ಸೋನಾಲಿ. ಇಲ್ಲಿಂದ ನಾವಿಬ್ಬರು. ಮನೋಹರ ಪಾತ್ರೆ ತೊಳೆಯುವ ಕಡೆ ಹೋಗಿ ಅಲ್ಲೇ ಸಿಕ್ಕಿಕೊಂಡ. ಸೋನಾಲಿ ಮರಾಠಿಯಲ್ಲಿ ಎಲ್ಲರಿಗೂ ಹುಕುಂ ಮಾಡುತ್ತಿದ್ದಳು.

ಅತ್ತೆ ಕುರ್ಚಿ ಎಳೆದುಕೊಂಡು ನಮ್ಮ ಹಿಂದೆ ಬಂದು ಕೂತರು. "ಅನ್ನ ಹೊತ್ತಲಾಕತ್ತದ. ಕಾಣಂಗಿಲ್ಲೇನು? ಭೀಮ್ಯಾ, ಉರಿ ಸಣ್ಣ ಮಾಡು."

"ಉರಿ ಸಣ್ಣ ಮಾಡೂದು ಎಲ್ಲಿ ಅದನೋ ಗೊತ್ತಿಲ್ರಿ ಕಾಕೂ," ಅಂದಿತು ಸ್ಪೀಕರಿನಿಂದ ಭೀಮುವಿನ ದನಿ.

"ಇಲ್ಲಾಂದ್ರ ಇಳಿಸಿ ಬಿಡೋ," ಅಂದರು ಅತ್ತೆ. ಭೀಮು ಇಳಿಸಿದ.