ಗೇನ್ ಏರಿಸು ವೇಣು

ವೇಣು ಸೌಂಡಿನ ಕೆಲಸದವರಿಗೆಲ್ಲ ಕಳಿಸಿದ್ದ ಮೆಸೇಜು ತನುಜಳ ಫೋನಿಗೂ ಬಂದಿತ್ತು. ‘ನಮ್ಮ ಎಂಟು ಚಾನೆಲ್ಲಿನ ಪ್ರೀಆಂಪ್ ನೋಡಲು ಬನ್ನಿ. ಮುಂದಿನ ಮಾಡೆಲ್ಲಿನಲ್ಲಿ ಏನೇನು ಸುಧಾರಿಸಬೇಕು, ಮನಸ್ಸು ಬಿಚ್ಚಿ ಹೇಳಿ.’ ಓದುತ್ತಿದ್ದಂತೆ ಅವಳ ಮೈ ಉರಿದುಹೋಯಿತು.

ಎಂಟು ಮೈಕುಗಳ ದನಿಯನ್ನು ಒಟ್ಟಿಗೆ ಹಿಡಿದು, ದೊಡ್ಡದು ಮಾಡಿ, ಡಿಜಿಟಲ್ಲಿಗೆ ತಿರುಗಿಸಿ ಕಂಪ್ಯೂಟರಿಗೆ ಕಳಿಸುವ ಆ ಪೆಟ್ಟಿಗೆಯ ಸರ್ಕ್ಯೂಟು ಅವಳದೇ. ಚಿಕ್ಕಬಳ್ಳಾಪುರದಲ್ಲಿ ಅವಳೂ ವೇಣುವೂ ಪಾಲುದಾರರಾಗಿ ವರ್ಕ್‌ಶಾಪು ಇಟ್ಟಿದ್ದರು. ಹೆರಿಗೆಗೆಂದು ಶಿಡ್ಲಘಟ್ಟದ ತವರಿಗೆ ಹೋದವಳು ಕೂಸನ್ನೆತ್ತಿಕೊಂಡು ಬರುವಷ್ಟರಲ್ಲಿ ಬಾಗಿಲಿನ ಬೀಗ ಬದಲಾಗಿತ್ತು. ಪೆಟ್ಟಿಗೆಯ ಮೇಲೆ ವೇಣುವಿನ ಹೆಸರೊಂದೇ ಇತ್ತು.

“ಮಗು ನೋಡ್ಕೊಂಡು ಆರಾಮಾಗಿರಮ್ಮ. ಈ ತಲೆನೋವೆಲ್ಲ ಯಾಕೆ ನಿಂಗೆ?” ಎಂದಿದ್ದ, ನಗುನಗುತ್ತಲೇ.

ಆ ನಗುವನ್ನು ಅವಳು ಮರೆಯಲಿಲ್ಲ. ಚಿಂತಾಮಣಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಅಮಾನುಲ್ಲಾ ಅಂಥದೊಂದು ಪೆಟ್ಟಿಗೆ ಕೊಂಡಿದ್ದಾರೆಂದು ಗೊತ್ತಾದಾಗ ಅವರ ಒಪ್ಪಿಗೆ ಪಡೆದು ಅದರ ಮುಚ್ಚಳ ಬಿಚ್ಚಿದಳು. ಪೆಟ್ಟಿಗೆ ತೆಳ್ಳಗೆ ಚೆಂದ ಕಾಣಲೆಂದು ವೇಣು ಪವರ್ ಸಪ್ಲೈಯನ್ನು ಅದರ ಜಾಗದಿಂದ ಕಿತ್ತು, ಮೈಕಿನ ವೈರುಗಳ ಪಕ್ಕಕ್ಕೇ ತಂದು ಕೂರಿಸಿದ್ದ. ಜೋರು ದನಿಗಾದರೆ ತೊಂದರೆ ತಿಳಿಯದು. ಸಣ್ಣ ದನಿಯನ್ನು ದೊಡ್ಡದು ಮಾಡಲು ಗೇನ್ ತಿರುಪು ಏರಿಸಿದರೆ ಕರೆಂಟಿನ ಗುಂಯ್‌ಗುಡುವಿಕೆಯೂ ಜೊತೆಗೇ ಏರುತ್ತದೆ.

ವೇಣುವಿಗೆ ಒಂದು ಫೋನ್ ಮಾಡಿ ಹೇಳಬಹುದಿತ್ತು. ಹೇಳಲಿಲ್ಲ. ಸಾದಲಿಗೆ ಹೋಗಿ, ಜೋಗುಳ ಹಾಡುವ ಗಂಗುಲಮ್ಮನನ್ನು ಕಂಡಳು. ಎಳೆ ನೂಲಿನಂಥ ದನಿ ಆಕೆಯದು. “ಎಲ್ಲಾರೆದುರು ಮೈಕಲ್ಲಿ ಹಾಡಿಸ್ತೀನಿ, ಬಾ ಅಜ್ಜಿ” ಎಂದಾಗ ಮುದುಕಿ ಹಿಗ್ಗಿ ಹೊಸ ಸೀರೆ ಉಟ್ಟು ಬಂದಳು.

ಬಾಡಿಗೆಯ ಹಾಲ್‌ನಲ್ಲಿ ಗೌರಿಬಿದನೂರಿನಿಂದ ಚಿಂತಾಮಣಿಯವರೆಗಿನ ಸೌಂಡಿನವರೆಲ್ಲ ಸೇರಿದ್ದರು. ವೇಣು ತಮಟೆಯವರನ್ನು ಕರೆಸಿ ಬಾರಿಸಿದ. ಪೆಟ್ಟಿಗೆ ಒಂದೊಂದು ಏಟನ್ನೂ ಅಚ್ಚುಕಟ್ಟಾಗಿ ಹಿಡಿಯಿತು. ಚಪ್ಪಾಳೆ ಬಿತ್ತು.

“ಯಾರಾದ್ರೂ ಸಲಹೆ ಕೊಡ್ತೀರಾ?” ಎಂದ.

ಹಿಂದಿನ ಸಾಲಿನಿಂದ ತನುಜ ಎದ್ದಳು. ಅವನ ಮುಖ ಬಿಳಚಿಕೊಂಡಿತು. ಅಷ್ಟು ಜನರೆದುರು ಬೇಡವೆನ್ನಲು ಅವನಿಂದ ಆಗಲಿಲ್ಲ. ಅವಳು ಗಂಗುಲಮ್ಮನನ್ನು ಕೈಹಿಡಿದು ಮೈಕಿನ ಮುಂದೆ ನಿಲ್ಲಿಸಿದಳು.

ಮುದುಕಿ ಕಣ್ಣು ಮುಚ್ಚಿ ಜೋಗುಳ ಎತ್ತಿಕೊಂಡಳು.

“ಕೇಳಿಸ್ತಿಲ್ಲ. ಗೇನ್ ಏರಿಸು ವೇಣು.”

ಸ್ವಲ್ಪ ಏರಿಸಿದ. “ಸಾಕಲ್ವಾ?”

“ಇನ್ನೂ ಏರಿಸು. ಹಿಂದಿನವ್ರಿಗೂ ಕೇಳಿಸ್ಬೇಕಲ್ಲಪ್ಪ.”

ಬೇರೆ ದಾರಿಯಿಲ್ಲದೆ ತಿರುಗಿಸಿದ. ಜೋಗುಳದ ಅಡಿಯಿಂದ ಗುಂಯ್ ಎಂಬ ಸದ್ದು ಎದ್ದು, ಹಾಲೆಲ್ಲ ತುಂಬಿ, ಹಾಡನ್ನೇ ನುಂಗಿಹಾಕಿತು. ಯಾರೋ ಕಿಸಕ್ಕನೆ ನಕ್ಕರು. ತನುಜಳ ಉರಿಯುತ್ತಿದ್ದ ಎದೆ ತಣ್ಣಗಾಯಿತು.

ಗಂಗುಲಮ್ಮ ಹಾಡು ನಿಲ್ಲಿಸಿ ಕೊರಳು ಮುಟ್ಟಿಕೊಂಡಳು. “ನನ್ ಗಂಟ್ಲೇ ಕೆಟ್ಟೋಯ್ತಾ ತಾಯೀ?”

“ನಿನ್ ಗಂಟ್ಲಲ್ಲ ಅಜ್ಜಿ, ಇವ್ನ ಪೆಟ್ಟಿಗೆ” ಎಂದು ತನುಜ ಜನರತ್ತ ತಿರುಗಿದಳು. “ಸಲಹೆ ಕೇಳಿದ್ರಲ್ಲ, ಹೇಳ್ತೀನಿ. ಪವರ್ ಸಪ್ಲೈನ ಮೈಕಿನ ವೈರಿಂದ ದೂರ ಇಡಿ, ನಡುವೆ ತಗಡಿನ ತಡೆ ಹಾಕಿ. ನಾನು ಸರ್ಕ್ಯೂಟು ಬರ್ದಾಗ ಹಂಗೇ ಇತ್ತು. ಕದ್ದವ್ರಿಗೆ ಯಾವ್ದು ಯಾಕೆ ಎಲ್ಲಿದೆ ಅಂತ ಗೊತ್ತಾಗಲ್ಲ.”

“ಹೌದು, ಈಯಮ್ಮನೇ ಬಿಚ್ಚಿ ತೋರ್ಸಿದ್ರು” ಎಂದರು ಅಮಾನುಲ್ಲಾ. “ನನ್ನ ಪೆಟ್ಟಿಗೆ ವಾಪಸ್ ತಗೊಂಡ್ಬಿಡಪ್ಪ ವೇಣು.”

ವೇಣು ಅವಳ ಹತ್ತಿರ ಬಂದು ಪಿಸುಗುಟ್ಟಿದ. “ಇಲ್ಲಿಗೆ ಬಿಟ್ಬಿಡು ತನುಜಾ. ನಿನ್ ಹೆಸ್ರು ಹಾಕ್ತೀನಿ.”

ಅವಳು ಮೈಕಿಗೇ ಬಾಯಿಟ್ಟು ಹೇಳಿದಳು: “ನನ್ ಹೆಸ್ರು ಹಾಕ್ತಾನಂತೆ. ಬೇಡಪ್ಪ. ಈ ಪೆಟ್ಟಿಗೆಗೆ ನಿನ್ ಹೆಸ್ರೇ ಸರಿಯಾಗಿದೆ.”

ಈ ಸಲ ಹಾಲೆಲ್ಲ ಗೊಳ್ಳೆಂದಿತು. ವೇಣು ಪೆಟ್ಟಿಗೆಯ ಪ್ಲಗ್ ಕಿತ್ತು, ತಲೆಯೆತ್ತದೆ ವೈರು ಸುತ್ತತೊಡಗಿದ.

ಸಾದಲಿಯ ಬಸ್ಸಿನಲ್ಲಿ ತನುಜಳಿಗೆ ಮತ್ತೆ ಮತ್ತೆ ಅವನ ಫೋನು ಬಂತು. ಪ್ರತಿಸಲವೂ ಕಟ್ ಮಾಡಿ, ಅದರ ಸುಖವನ್ನು ಮೆಲುಕು ಹಾಕುತ್ತ ಕೂತಳು. ಪಕ್ಕದಲ್ಲಿ ಗಂಗುಲಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಊರು ಹತ್ತಿರವಾದಾಗ ಸೆರಗು ಸರಿಮಾಡಿಕೊಂಡು ಕೇಳಿದಳು:

“ಹಿಂಗಾಗ್ತದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಲ್ಲವಾ?”

ತನುಜ ಹೌದೆಂದು ತಲೆಯಾಡಿಸಿದಳು.

“ಜನ ನಕ್ರಲ್ಲಮ್ಮ, ನಾನು ಹಾಡ್ತಾ ಇರೋವಾಗ” ಎಂದಷ್ಟೇ ಹೇಳಿ ಮುದುಕಿ ಇಳಿದು ಹೋದಳು. ಹೊಸ ಸೀರೆಯ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೂ ತನುಜ ನೋಡಿದಳು. ಅಜ್ಜಿಯ ಮಾತು ಚುಚ್ಚುತ್ತಿತ್ತು. ಆದರೂ ವೇಣುವಿನ ಬಗ್ಗಿದ ತಲೆ ನೆನಪಾದಾಗಲೆಲ್ಲ ಅವಳಿಗೆ ನಗು ಬರುತ್ತಲೇ ಇತ್ತು.